ಎಂಜಿನ್ನು ಅಬ್ಬರಿಸಿದರೂ ಗಾಡಿ ಓಡದಿದ್ದರೆ

ದ್ರಾಕ್ಷಿ, ದಾಳಿಂಬೆಯ ಸುಗ್ಗಿಯಲ್ಲಿ ಉಮದಿ, ಸಂಖದ ಕಡೆಯ ರೈತರಿಗೆ ಪಿಕಪ್ಪು, ಟ್ರ್ಯಾಕ್ಟರುಗಳೇ ಆಧಾರ. ಹೇರು ತುಂಬಿದಾಗ ಎಂಜಿನ್ನು ಅಬ್ಬರಿಸಿ ವೇಗ ಮಾತ್ರ ಏರದಿದ್ದರೆ ಗಾಬರಿಯಾಗಬೇಡಿರಿ. ಮೊದಲು ದೋಷವನ್ನು ಗುರುತಿಸಿರಿ.

ಚಕ್ರಗಳು ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತಿದ್ದರೆ ದೋಷ ನೆಲದ್ದು. ಎಂಜಿನ್ನೇ ಜೋರು ಹಿಡಿಯದಿದ್ದರೆ ಡೀಸೆಲ್ ಮತ್ತು ಗಾಳಿಯ ಫಿಲ್ಟರುಗಳನ್ನು ನೋಡಬೇಕು. ಎಂಜಿನ್ನು ಜೋರಾಗಿ ತಿರುಗಿಯೂ ಚಕ್ರಕ್ಕೆ ಬಲ ಮುಟ್ಟದಿದ್ದರೆ ಬಹುಶಃ ಕ್ಲಚ್ಚು ಜಾರುತ್ತಿದೆ. ಹಿಟ್ಟಿನ ಗಿರಣಿಯ ಪಟ್ಟಾ ಸಡಿಲಾದರೆ ಎಂಜಿನ್ನು ಓಡಿದರೂ ಕಲ್ಲು ತಿರುಗದಷ್ಟೆ, ಇದೂ ಹಾಗೆಯೇ.

ಪರೀಕ್ಷೆ ಸುಲಭ. ಸಮ ನೆಲದಲ್ಲಿ ಟ್ರಾಲಿ ಬಿಚ್ಚಿ, ಗಾಡಿಯ ಹಿಂದೆ ಮುಂದೆ ಯಾರೂ ಇಲ್ಲದಂತೆ ನೋಡಿ, ಬ್ರೇಕು ಬಿಗಿಯಾಗಿ ಹಿಡಿಯಿರಿ. ಮೇಲಿನ ಗೇರು ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಕ್ಲಚ್ಚು ಸರಿಯಿದ್ದರೆ ಎಂಜಿನ್ನು ನಿಲ್ಲುತ್ತದೆ. ತಿರುಗುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ. ಕೂಡಲೇ ಪೆಡಲು ಒತ್ತಿರಿ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೆ ಪ್ಲೇಟು ಸುಡುತ್ತದೆ.

ಕಾರಣಗಳು ಮುಖ್ಯವಾಗಿ ಮೂರು. ಒಂದು, ಪೆಡಲಿನ ಆರಂಭದ ಸಡಿಲು ಇಲ್ಲದಿರುವುದು. ಇದನ್ನು ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಹೊಂದಿಸಿದರೆ ಸಾಕು, ಖರ್ಚಿಲ್ಲ. ಎರಡು, ಸೀಲಿನಿಂದ ಎಣ್ಣೆ ಸೋರಿ ಪ್ಲೇಟಿಗೆ ತಗಲುವುದು. ಸೀಲು ಬದಲಿಸದೆ ಹೊಸ ಪ್ಲೇಟು ಹಾಕಿದರೆ ಹಣ ವ್ಯರ್ಥ. ಮೂರು, ಪ್ಲೇಟು ಸವೆಯುವುದು. ಓಡಿಸುವಾಗ ಪೆಡಲಿನ ಮೇಲೆ ಸದಾ ಕಾಲಿಡುವುದರಿಂದ ಅದು ಬೇಗ ಸವೆಯುತ್ತದೆ.

ಸುಟ್ಟ ವಾಸನೆ ಬಂದರೆ ಮುಂದೆ ಸಾಗಬಾರದು. ಏರಿನಲ್ಲಿ ಕ್ಲಚ್ಚು ಜಾರಿ ತುಂಬಿದ ಟ್ರಾಲಿ ಹಿಂದಕ್ಕೆ ಸರಿದರೆ ಮಾಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ. ಆದ್ದರಿಂದ ಹೇರು ತುಂಬುವ ಮುನ್ನವೇ ಪೆಡಲನ್ನು ಪರೀಕ್ಷಿಸುವುದು ಲೇಸು.