ಅವ್ವ ನೀರು ಕುಡಿದ ಪ್ರವಾಸ

ನಮ್ಮ ಅವ್ವ ಪ್ರವಾಸ ಹೊರಟರೆ ನೀರು ಕುಡಿಯೋದಿಲ್ಲ. ಹಾರೂಗೇರಿಯಿಂದ ಬೆಳಗಾವಿಗೆ ಹೋಗೋದಿದ್ದರೂ ಹಿಂದಿನ ರಾತ್ರಿಯಿಂದಲೇ ತಂಬಿಗೆ ದೂರ. ಶುಗರ್ ಇದೆ, ಮೊಣಕಾಲು ನೋವಿದೆ, ದಾರಿಯ ಶೌಚಾಲಯದಲ್ಲಿ ಕೂತರೆ ಏಳೋದು ಕಷ್ಟ. ನೀರು ಕಮ್ಮಿ ಕುಡಿದರೆ ಮೂತ್ರದ ಸೋಂಕು ಆಗತ್ತೆ, ಶುಗರ್ ಇದ್ದವರಿಗೆ ಇನ್ನೂ ಬೇಗ ಅಂತ ಡಾಕ್ಟರ್ ಬೈದರು. ಅವ್ವ ಕಂಡುಕೊಂಡ ಪರಿಹಾರ ಸರಳ: "ಹಂಗಾರ ಎಲ್ಲೂ ಹೋಗೂದ ಬ್ಯಾಡ ಬಿಡಪಾ."

ನಾಲ್ಕು ವರ್ಷ ಹಾಗೇ ಕಳೀತು. ಕೊನೆಗೆ ಹೋದ ಸೆಪ್ಟೆಂಬರಿನಲ್ಲಿ ಎರಡು ದಿನಕ್ಕೆ ಒಂದು ಕ್ಯಾರವಾನ್ ಬಾಡಿಗೆಗೆ ತಂದೆ. ನಾಲ್ಕು ಹಾಸಿಗೆ, ಸಣ್ಣ ಅಡಿಗೆ ಕಟ್ಟೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕಮೋಡ್. ಗಾಡಿ ಮನೆ ಮುಂದೆ ನಿಂತಾಗ ಓಣಿಯೇ ಕೂಡಿತು. ಅಪ್ಪ ಮಾತ್ರ ನಕ್ಕರು: "ಇದೇನ ಹೊಸಾದಲ್ಲೋ. ಚಿಂಚಲಿ ಮಾಯಕ್ಕನ ಜಾತ್ರಿಗೆ ಮಂದಿ ಚಕ್ಕಡಿ ಕಟ್ಟಿಕೊಂಡ ಬರತಾರ. ಅದರಾಗ ಉಣ್ಣೂದು, ಅದರ ಬುಡಕ ಮಲಗೂದು. ನಿಂದರಾಗ ಎತ್ತ ಇಲ್ಲ, ಅಷ್ಟ."

ನಮ್ಮ ದಾರಿ ಚಿಕ್ಕೋಡಿ, ನಿಪ್ಪಾಣಿ, ಉತ್ತೂರು, ಆಜರಾ, ಅಂಬೋಲಿ. ನಿಪ್ಪಾಣಿವರೆಗೆ ಎರಡೂ ಕಡೆ ಕಬ್ಬು. ಆಜರಾ ಬರ್ತಿದ್ದಂಗೆ ಗದ್ದೆ, ಗೇರು ಮರ. ಇಲ್ಲಿಯ ಘನಸಾಳ ಅಕ್ಕಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎರಡು ಕಿಲೋ ತಗೊಂಡು ಗಾಡಿಯಲ್ಲೇ ಅನ್ನ ಮಾಡಿದ್ವಿ. ಘಮ ಹೋಗೋಕೆ ಕಿಟಕಿ ತೆಗೀಬೇಕಾಯ್ತು! ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇತ್ತು.

ನಮ್ಮ ಕಡೆಯಿಂದ ಹೋದರೆ ಘಟ್ಟ ಹತ್ತಿದ್ದೇ ಗೊತ್ತಾಗಲ್ಲ. ನಾವಿರೋದೇ ಪ್ರಸ್ಥಭೂಮಿಯ ಮೇಲೆ. ಅಂಬೋಲಿ ಅದರ ಪಶ್ಚಿಮದ ಅಂಚು, ಸುಮಾರು 690 ಮೀಟರ್ ಎತ್ತರ. ಅಲ್ಲಿಂದ ಸಾವಂತವಾಡಿ ಕಡೆಗೆ ರಸ್ತೆ ಒಮ್ಮೆಲೇ ಕೆಳಗೆ ಬೀಳತ್ತೆ. ದೊಡ್ಡ ಜಲಪಾತ ಇರೋದೂ ಆ ಇಳಿಜಾರಿನಲ್ಲೇ, ರಸ್ತೆಗೆ ಅಂಟಿಕೊಂಡು. ಲಾರಿ ಓಡಿಸೋ ನಮ್ಮ ಕಾಕಾ ಹೇಳಿಕೊಟ್ಟ ಸೂತ್ರ ಒಂದೇ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಭಾರದ ಗಾಡಿಯನ್ನ ಬರೀ ಬ್ರೇಕ್ ಮೇಲೆ ಇಳಿಸಿದರೆ ಬ್ರೇಕ್ ಕಾದು ಹಿಡಿತ ಬಿಡತ್ತೆ. ಕ್ಯಾರವಾನ್ ಎತ್ತರ ಜಾಸ್ತಿ, ತಿರುವಿನಲ್ಲಿ ವಾಲತ್ತೆ. ಮಂಜು ಬಿದ್ದ ಮೇಲೆ, ಕತ್ತಲಾದ ಮೇಲೆ ಇಳಿಯೋದೇ ಬೇಡ. ನಾವು ಬೆಳಿಗ್ಗೆ ಇಳಿದು ಜಲಪಾತ ನೋಡಿ ವಾಪಸ್ ಹತ್ತಿದ್ವಿ.

ಇನ್ನು ಲೆಕ್ಕಾಚಾರ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ಅಂದ್ರೆ 2,400 ವ್ಯಾಟ್-ಅವರ್. 1,200 ವ್ಯಾಟಿನ ಎಸಿ ಹಾಕಿದರೆ ಎರಡು ತಾಸೂ ಬರೋದು ಕಷ್ಟ. ದೀಪ, ಫ್ಯಾನ್, ಮೊಬೈಲಿಗೆ ಧಾರಾಳ. ನೀರಿನ ಟಾಕಿ 100 ಲೀಟರ್. ಅಪ್ಪ ಬೆಳಿಗ್ಗೆ ಮನೆಯಂತೆ ಎರಡು ಬಕೆಟ್ ಸ್ನಾನ ಮಾಡಿ ಟಾಕಿಯ ಅರ್ಧ ಮುಗಿಸಿದರು! ಕಮೋಡಿನ ಕೆಳಗೆ ಸುಮಾರು 20 ಲೀಟರಿನ ಡಬ್ಬಿ. ಅದನ್ನ ಕಾಡಲ್ಲಿ, ಹಳ್ಳದಲ್ಲಿ ಖಾಲಿ ಮಾಡೋದು ಪಾಪ. ಶೌಚಾಲಯದಲ್ಲೇ ಸುರೀಬೇಕು. ಗಾಡಿ ಓಡುವಾಗ ಗ್ಯಾಸ್ ಬಂದ್ ಇರಲೇಬೇಕು.

ಮಹಾರಾಷ್ಟ್ರ 2021ರಲ್ಲೇ ಕ್ಯಾರವಾನ್ ನೀತಿ ತಂದಿದೆ. ಅದೇ ವರ್ಷ ಕೇರಳ 'ಕೆರವಾನ್ ಕೇರಳ' ಶುರು ಮಾಡಿತು. ಆದರೂ ರಾತ್ರಿ ಗಾಡಿ ನಿಲ್ಲಿಸೋ ಜಾಗ ನಾವೇ ಹುಡುಕಬೇಕಾಯ್ತು. ಒಂದು ಲಾಡ್ಜಿನವರನ್ನ ಕೇಳಿ, ದುಡ್ಡು ಕೊಟ್ಟು ಅವರ ಅಂಗಳದಲ್ಲಿ ನಿಲ್ಲಿಸಿದ್ವಿ. ಪ್ಲಗ್ಗು, ನೀರು, ಡಬ್ಬಿ ಖಾಲಿ ಮಾಡೋ ಜಾಗ ಮೂರೂ ಸಿಕ್ತು. ಹೊರಡೋ ಮೊದಲೇ ಫೋನ್ ಮಾಡಿ ಗೊತ್ತು ಮಾಡಿಕೊಳ್ಳೋದು ಒಳ್ಳೇದು.

ಎರಡನೇ ದಿನ ಹಿರಣ್ಯಕೇಶಿ ನದಿಯ ಉಗಮಕ್ಕೆ ಹೋದ್ವಿ. ಗುಹೆಯೊಳಗಿಂದ ಬರೋ ನೀರು, ಪಕ್ಕದಲ್ಲೇ ಗುಡಿ, ಮುಂದೆ ಕುಂಡ. 2020ರಲ್ಲಿ ವಿಜ್ಞಾನಿಗಳು ಇಲ್ಲಿ ಸಿಕ್ಕ ಹೊಸ ಮೀನಿಗೆ ಷಿಸ್ಟುರಾ ಹಿರಣ್ಯಕೇಶಿ ಅಂತ ಹೆಸರಿಟ್ಟರು. ಮರುವರ್ಷ ಈ ಜಾಗ ಜೀವವೈವಿಧ್ಯ ಪಾರಂಪರಿಕ ತಾಣವಾಯ್ತು. ಈ ನದಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಘಟಪ್ರಭೆ ಸೇರತ್ತೆ ಅಂತ ಹೇಳಿದೆ.

"ಅಂದ್ರ ಈ ನೀರ ನಮ್ಮ ಕಡೆನ ಬರತೈತಿ?" ಅಂದಳು ಅವ್ವ. ನಾನು ಹ್ಞೂಂ ಅಂದೆ. ಮೆಟ್ಟಿಲ ಮೇಲೆ ಕೂತು ಸುಮಾರು ಹೊತ್ತು ನೀರನ್ನೇ ನೋಡಿದಳು.

ಖರೇ ಹೇಳಬೇಕಂದ್ರೆ ಇದು ಅಗ್ಗದ ಪ್ರವಾಸ ಅಲ್ಲ. ಕಾರು ತಗೊಂಡು ಲಾಡ್ಜಿನಲ್ಲಿ ಉಳಿದಿದ್ದರೆ ಇದಕ್ಕಿಂತ ಕಮ್ಮಿ ಆಗ್ತಿತ್ತು. ದಾರಿಯುದ್ದಕ್ಕೂ ಸ್ವಚ್ಛವಾದ, ಕಮೋಡ್ ಇರೋ ಶೌಚಾಲಯ ಇದ್ದಿದ್ದರೆ ನನಗೆ ಈ ಗಾಡಿಯೇ ಬೇಕಿರಲಿಲ್ಲ. ನಿಮ್ಮ ಮನೆಯಲ್ಲೂ "ನಾ ಒಲ್ಲೆ, ನೀವ ಹೋಗಿಬರ್ರಿ" ಅನ್ನೋ ಅವ್ವಂದಿರು ಇದ್ದರೆ, ಯಾಕೆ ಒಲ್ಲೆ ಅಂತಾರೆ ಅಂತ ಒಮ್ಮೆ ಕೇಳಿ ನೋಡಿ.

ವಾಪಸ್ ಬರುವಾಗ ನಿಪ್ಪಾಣಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ದನಿ ಬಂತು: "ತಮ್ಮಾ, ಬಾಟ್ಲಿ ಖಾಲಿ ಆತು. ಇನ್ನೊಂದ ಕೊಡ."