ಸಿಮ್ ಜಾಗನೇ ಇಲ್ಲದ ಫೋನು

ಬೊಮ್ಮನಹಳ್ಳಿಯಲ್ಲಿ ನಮ್ಮ ಪಿಜಿ ಕೆಳಗೆ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹೋದ ತಿಂಗಳು ಡಿಸ್‌ಪ್ಲೇ ಹಾಕಿಸೋಕೆ ಹೋದಾಗ ಅಂಗಡಿ ಅಣ್ಣ ಹಳೇ ಫೋನುಗಳ ಡಬ್ಬ ತೋರಿಸಿದ್ರು. ಒಂದು ಫೋನಿನ ಬ್ಯಾಟರಿ ತೆಗೆದು ನೋಡಿದ್ರೆ ಸಿಮ್ ಹಾಕೋ ಜಾಗನೇ ಇಲ್ಲ! "ಅದು ಸಿಡಿಎಂಎ ಕಣ್ರಪ್ಪ, ನಂಬರು ಫೋನೊಳಗೇ ಇರ್ತಿತ್ತು. ಈಗ ಯಾವ ಟವರೂ ಅದಕ್ಕೆ ಸಿಗಲ್ಲ" ಅಂದ್ರು.

ಅದೇ ವಾರ ನಮ್ಮ ರೂಮಲ್ಲಿ ಒಂದು ವಾದ ನಡೀತಿತ್ತು. ಸ್ಕಾಲರ್‌ಶಿಪ್ ದುಡ್ಡಲ್ಲಿ ಯಾವ ಟೆಲಿಕಾಂ ಷೇರು ತಗೋಬೇಕು? ಯಾರ ಟೆಕ್ನಾಲಜಿ ಚೆನ್ನಾಗಿದೆಯೋ ಅವರೇ ಗೆಲ್ತಾರೆ ಅನ್ನೋದು ನಮ್ಮೆಲ್ಲರ ಲೆಕ್ಕ. ಆ ಡಬ್ಬ ನೋಡಿದ ಮೇಲೆ ಲೆಕ್ಕದ ಮೇಲೇ ಅನುಮಾನ ಬಂತು.

ಮೊದಲು ಎರಡರ ವ್ಯತ್ಯಾಸ ನೋಡೋಣ. ಜಿಎಸ್‌ಎಂನಲ್ಲಿ 200 ಕಿಲೋಹರ್ಟ್ಸ್‌ನ ಒಂದು ಚಾನೆಲನ್ನು 8 ಟೈಮ್ ಸ್ಲಾಟ್‌ಗಳಾಗಿ ಹಂಚುತ್ತಾರೆ. ಒಂದೇ ಮೈಕ್, ಎಂಟು ಜನ, ಸರದಿ ಪ್ರಕಾರ ಮಾತು. ಸಿಡಿಎಂಎಯಲ್ಲಿ 1.25 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡ್ತಾರೆ, ಆದ್ರೆ ಒಬ್ಬೊಬ್ಬರಿಗೂ ಒಂದೊಂದು ಕೋಡ್. ಸಿಲ್ಕ್ ಬೋರ್ಡ್ ಕಡೆ ಹೋಗೋ ಬಸ್ಸಲ್ಲಿ ತಮಿಳು, ತೆಲುಗು, ಹಿಂದಿ ಎಲ್ಲಾ ಕೇಳಿಸ್ತಿದ್ರೂ ನಮ್ಮ ಕಿವಿ ಕನ್ನಡವನ್ನು ಹಿಡಿಯುತ್ತಲ್ವಾ, ಹಾಗೆ. ಇದ್ದಷ್ಟೇ ಸ್ಪೆಕ್ಟ್ರಂನಲ್ಲಿ ಹೆಚ್ಚು ಕರೆ ಸಾಗಿಸೋದು ಸಿಡಿಎಂಎ ಪರವಾಗಿದ್ದ ದೊಡ್ಡ ವಾದ.

ಭಾರತದಲ್ಲಿ 1995ರಿಂದ ಜಿಎಸ್‌ಎಂ ಇತ್ತು. 2002ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಇನ್ಫೋಕಾಂ ಸಿಡಿಎಂಎ ತಂದಿತು. 2003ರಲ್ಲಿ ಮೊದಲಿಗೆ 501 ರೂಪಾಯಿ ಕಟ್ಟಿದ್ರೆ ಕೈಗೆ ಫೋನು! ಟಾಟಾ ಟೆಲಿಸರ್ವಿಸಸ್ ಕೂಡ ಸಿಡಿಎಂಎ ಕಡೆಯೇ ಇತ್ತು. ಆದ್ರೆ ಸಿಮ್ ಇಲ್ಲದ ಫೋನನ್ನು ಬೇರೆ ಕಂಪನಿಗೆ ಒಯ್ಯೋಕಾಗಲ್ಲ. ಹ್ಯಾಂಡ್‌ಸೆಟ್ ಆಯ್ಕೆಯೂ ಕಡಿಮೆ. ಜಿಎಸ್‌ಎಂಗೆ ಪ್ರಪಂಚದ ಬಹುಪಾಲು ದೇಶಗಳ ಮಾರುಕಟ್ಟೆ ಇದ್ದಿದ್ರಿಂದ ಅದರ ಫೋನುಗಳು ಹೆಚ್ಚು ತಯಾರಾಗಿ ಅಗ್ಗವಾಗ್ತಾ ಹೋದವು. 2009ರಲ್ಲಿ ರಿಲಯನ್ಸ್ ಹೊಸ ವಲಯಗಳಿಗೆ ಜಿಎಸ್‌ಎಂ ವಿಸ್ತರಿಸಿತು, ಟಾಟಾ ಕೂಡ ಡೊಕೊಮೊ ಹೆಸರಲ್ಲಿ ಜಿಎಸ್‌ಎಂ ಶುರು ಮಾಡಿತು.

ಹಾಗಾದ್ರೆ ಸಿಡಿಎಂಎ ಸೋತಿತಾ? ಮಜಾ ಇರೋದೇ ಇಲ್ಲಿ. 2011ರ ಜನವರಿಯಲ್ಲಿ ಏರ್‌ಟೆಲ್ ಬೆಂಗಳೂರಿಗೆ 3ಜಿ ತಂದಿತು. ಜಿಎಸ್‌ಎಂ ಬಳಗದ ಆ 3ಜಿ ಹೆಸರೇ ಡಬ್ಲ್ಯೂಸಿಡಿಎಂಎ! 5 ಮೆಗಾಹರ್ಟ್ಸ್ ಚಾನೆಲ್, ಒಳಗೆ ಅದೇ ಕೋಡ್ ತಂತ್ರ. ಅಂದ್ರೆ ಸಿಡಿಎಂಎ ಹೆಸರಿನ ನೆಟ್‌ವರ್ಕ್ ಸೋಲ್ತಿದ್ದಾಗಲೇ ಸಿಡಿಎಂಎ ತಂತ್ರ ಎದುರಾಳಿ ಮನೆಯಲ್ಲಿ ಗೆದ್ದಿತ್ತು.

ಇದನ್ನು ಮೊದಲೇ ಲೆಕ್ಕ ಹಾಕಿದ್ದು ಅಮೆರಿಕದ ಕ್ವಾಲ್‌ಕಾಂ. 1999ರಲ್ಲಿ ಅದು ಟವರ್ ಉಪಕರಣಗಳ ವ್ಯವಹಾರವನ್ನು ಎರಿಕ್ಸನ್‌ಗೆ ಮಾರಿತು, ಆಮೇಲೆ ಹ್ಯಾಂಡ್‌ಸೆಟ್ ವಿಭಾಗವನ್ನು ಕ್ಯೋಸೆರಾಗೆ. ಉಳಿಸಿಕೊಂಡಿದ್ದು ಚಿಪ್ ಮತ್ತು ಪೇಟೆಂಟ್. 3ಜಿಯಲ್ಲಿ ಯಾವ ಬಣ ಗೆದ್ದರೂ ರಾಯಲ್ಟಿ ಬರ್ತಿತ್ತು. ಆ ಒಂದೇ ವರ್ಷ ಅದರ ಷೇರು 25 ಪಟ್ಟಿಗೂ ಹೆಚ್ಚು ಏರಿತು. ಆದ್ರೆ ಡಾಟ್‌ಕಾಂ ಗುಳ್ಳೆ ಒಡೆದಾಗ ಅದೂ ಇಳಿಯಿತು. ಒಳ್ಳೇ ಕಂಪನಿಯ ಷೇರನ್ನೂ ತಪ್ಪು ಬೆಲೆಗೆ ಕೊಂಡವರು ನಷ್ಟ ಅನುಭವಿಸಿದ್ರು. ಇತ್ತ, ಸಾಲದಲ್ಲಿ ಮುಳುಗಿದ ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಸೇವೆಯನ್ನೇ ನಿಲ್ಲಿಸಿತು. 4ಜಿ ಬರೋ ಹೊತ್ತಿಗೆ ಎರಡೂ ಬಣ ಹಳೇ ಜಗಳ ಬಿಟ್ಟು ಎಲ್‌ಟಿಇ ಕಡೆ ಬಂದವು, ಅಲ್ಲಿರೋದು ಓಎಫ್‌ಡಿಎಂಎ.

ನಮಗೆ ಅರ್ಥವಾಗಿದ್ದು ಇಷ್ಟು: ತಂತ್ರ ಬೇರೆ, ಸ್ಟ್ಯಾಂಡರ್ಡ್ ಬೇರೆ, ಕಂಪನಿ ಬೇರೆ. ಪರೀಕ್ಷೆಯಲ್ಲಿ ತಂತ್ರ ಬರೆದ್ರೆ ಮಾರ್ಕ್ಸ್ ಸಿಗುತ್ತೆ. ಷೇರು ಕೊಳ್ಳೋವಾಗ ಮಾತ್ರ ರಾಯಲ್ಟಿ ಯಾರಿಗೆ ಹೋಗುತ್ತೆ, ಸಾಲ ಎಷ್ಟಿದೆ, ಗಿರಾಕಿಗೆ ಬಿಟ್ಟು ಹೋಗೋ ದಾರಿ ಇದೆಯಾ ಅಂತಲೂ ಕೇಳಬೇಕು. ನಾಳೆ 6ಜಿ ಹೆಸರಲ್ಲಿ ಯಾರಾದ್ರೂ ಟಿಪ್ ಕೊಟ್ರೂ ಇದೇ ಪ್ರಶ್ನೆಗಳು.

ರೂಮಲ್ಲಿ ಇನ್ನೂ ಯಾರೂ ಷೇರು ತಗೊಂಡಿಲ್ಲ. ಆ ಫೋನನ್ನು ಮಾತ್ರ 20 ರೂಪಾಯಿ ಕೊಟ್ಟು ತಂದಿದ್ದೀವಿ. ನಿಮ್ಮ ಮನೇಲೂ ಅಂಥದ್ದೊಂದು ಇದ್ರೆ ಎಸೀಬೇಡಿ, ಕನ್ನಡ ಸಂಘಕ್ಕೆ ತನ್ನಿ, ಬಿಚ್ಚಿ ನೋಡೋಣ.