ಆಪರೇಷನ್ ಆದ ಮೇಲೆ ಕರುಳು ಅಂಟಿಕೊಳ್ಳುತ್ತದೆಯೇ? ಹರಳೆಣ್ಣೆ ತಿಕ್ಕಿದರೆ ಬಿಡುತ್ತದೆಯೇ?

ಸಿಸೇರಿಯನ್ ಆದವರು ಹೊಟ್ಟೆಗೆ ಹರಳೆಣ್ಣೆ ಹಚ್ಚಿ ಒತ್ತಿ ತಿಕ್ಕಬೇಕು, ಇಲ್ಲದಿದ್ದರೆ ಒಳಗೆ ಕರುಳು ಅಂಟಿಕೊಳ್ಳುತ್ತದೆ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಅಂಟಿಕೊಳ್ಳುವುದು ಹೌದು, ಎಣ್ಣೆಗೆ ಬಿಡುವುದು ಸುಳ್ಳು.

ನಮ್ಮ ಕರುಳು, ಗರ್ಭಕೋಶ ಮತ್ತು ಹೊಟ್ಟೆಯ ಒಳಗೋಡೆಯ ಮೇಲೆ ಪೆರಿಟೋನಿಯಂ ಎಂಬ ತೆಳುವಾದ, ಜಾರುವ ಪೊರೆ ಇದೆ. ಆಪರೇಷನ್ ವೇಳೆ ಕತ್ತರಿ ತಾಗಿ, ಗಾಳಿಗೆ ಒಣಗಿ ಅಥವಾ ಸೋಂಕಾಗಿ ಅದಕ್ಕೆ ಗಾಯವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ ಎಂಬ ಅಂಟು ಸೇರುತ್ತದೆ. ಮೊಣಕಾಲು ತರಚಿದಾಗ ರಕ್ತ ಹೆಪ್ಪುಗಟ್ಟಿಸುವುದೂ ಇದೇ. ಸಾಮಾನ್ಯವಾಗಿ ದೇಹವೇ ಕೆಲವು ದಿನಗಳಲ್ಲಿ ಅದನ್ನು ಕರಗಿಸುತ್ತದೆ. ಕರಗದೆ ಉಳಿದರೆ ಸುಮಾರು ಒಂದು ವಾರದೊಳಗೆ ಅದರ ಮೇಲೆ ಕೊಲಾಜನ್ ಎಳೆಗಳು ಹೆಣೆದುಕೊಳ್ಳುತ್ತವೆ. ಎರಡು ಅಂಗಗಳ ನಡುವೆ ಹಗ್ಗದಂಥ ಪಟ್ಟಿ ಉಳಿಯುತ್ತದೆ. ವೈದ್ಯರು ಇದನ್ನು ಅಡ್ಹೀಷನ್ ಎನ್ನುತ್ತಾರೆ.

ಈ ಪಟ್ಟಿ ಇರುವುದು ಚರ್ಮ, ಕೊಬ್ಬು, ಸ್ನಾಯುಗಳ ಕೆಳಗೆ. ಹಚ್ಚಿದ ಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ. ಹಸಿ ಹೊಲಿಗೆಯ ಮೇಲೆ ಒತ್ತಿದರೆ ಗಾಯ ಬಿಚ್ಚುವ ಅಪಾಯ ಬೇರೆ. ಬಾಣಂತಿಗೆ ಹೊಟ್ಟೆ ಬಿಗಿದು ಕಟ್ಟುವುದರಿಂದ ನಡೆಯುವಾಗ ಆಸರೆ ಸಿಗಬಹುದು, ಅಷ್ಟೇ. ಬೇಗ ಎದ್ದು ಓಡಾಡುವುದು ಒಳ್ಳೆಯದೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ಆದರೆ ಅಡ್ಹೀಷನ್ ತಡೆಯುತ್ತದೆ ಎನ್ನಲು ಪುರಾವೆ ಇಲ್ಲ.

ಹಾಗಾದರೆ ತಡೆಯುವವರು ಯಾರು? ಬಹುಪಾಲು ಸರ್ಜನ್. ಅಂಗಗಳನ್ನು ಮೆಲ್ಲಗೆ ಹಿಡಿಯುವುದು, ಒಣಗದಂತೆ ತೇವವಾಗಿಡುವುದು, ರಕ್ತಸ್ರಾವ ಪೂರ್ತಿ ನಿಲ್ಲಿಸುವುದು, ಸಾಧ್ಯವಿದ್ದಲ್ಲಿ ದೊಡ್ಡ ಕೊಯ್ತದ ಬದಲು ಲ್ಯಾಪರೋಸ್ಕೋಪಿ ಮಾಡುವುದು. ಗ್ಲೌಸ್‌ಗೆ ಹಾಕುತ್ತಿದ್ದ ಪುಡಿ ಕೂಡ ಒಳಗೆ ಉದುರಿ ಅಡ್ಹೀಷನ್‌ಗೆ ಕಾರಣವಾಗುತ್ತಿತ್ತು. ಅಮೆರಿಕ 2017ರಲ್ಲಿ ಪುಡಿ ಹಾಕಿದ ವೈದ್ಯಕೀಯ ಗ್ಲೌಸ್ ನಿಷೇಧಿಸಲು ಇದೂ ಒಂದು ಕಾರಣ. ಕೆಲವು ಆಪರೇಷನ್‌ಗಳಲ್ಲಿ ಗಾಯವಾದ ಜಾಗಗಳ ನಡುವೆ ತಾನಾಗಿ ಕರಗುವ ತೆಳು ಹಾಳೆ ಅಥವಾ ದ್ರವ ಇಡುತ್ತಾರೆ. ಅಂಟುವುದು ಕಡಿಮೆಯಾಗುತ್ತದೆ, ಆದರೆ ಗ್ಯಾರಂಟಿ ಇಲ್ಲ. ಆಪರೇಷನ್‌ಗೆ ಮೊದಲೇ ಈ ಬಗ್ಗೆ ವೈದ್ಯರನ್ನು ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಗಾಬರಿ ಬೇಡ. ಹೊಟ್ಟೆ ತೆರೆದು ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ಒಂದಿಷ್ಟು ಅಡ್ಹೀಷನ್ ಆಗಿಯೇ ಇರುತ್ತದೆ. ಬಹುತೇಕರಿಗೆ ಅದು ಗೊತ್ತೂ ಆಗುವುದಿಲ್ಲ. ತೊಂದರೆ ಕೊಡದ ಅಡ್ಹೀಷನ್ ಬಿಡಿಸಲೆಂದೇ ಮತ್ತೆ ಆಪರೇಷನ್ ಮಾಡಿಸಿದರೆ ಹೊಸ ಗಾಯದಿಂದ ಹೊಸ ಅಡ್ಹೀಷನ್ ಹುಟ್ಟಬಹುದು.

ಆದರೆ ಒಂದು ಮಾತು ನೆನಪಿರಲಿ. ಸಣ್ಣ ಕರುಳು ಕಟ್ಟಿಕೊಳ್ಳಲು ಅತಿ ಸಾಮಾನ್ಯ ಕಾರಣ ಇದೇ ಪಟ್ಟಿ, ಅದೂ ಆಪರೇಷನ್ ಆಗಿ ಹತ್ತಾರು ವರ್ಷಗಳ ನಂತರವೂ. ಅಲೆ ಅಲೆಯಾಗಿ ಬರುವ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಹೊಟ್ಟೆ ಉಬ್ಬರ, ಮಲವೂ ಗಾಳಿಯೂ ಹೋಗದಿರುವುದು ಇದರ ಲಕ್ಷಣ. ಆಗ ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ! ಕಟ್ಟಿಕೊಂಡ ಕರುಳಿಗೆ ಭೇದಿ ಔಷಧಿ ಕೊಟ್ಟರೆ ಕರುಳು ತೂತಾಗಬಹುದು. ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೋಗಿ, ಹಳೆಯ ಆಪರೇಷನ್ ವಿಷಯ ಮೊದಲೇ ಹೇಳಿ. ಎಷ್ಟೋ ಜನರಿಗೆ ಮೂಗಿನಿಂದ ನಳಿಕೆ ಹಾಕಿ, ಡ್ರಿಪ್ ಕೊಟ್ಟು ಕಾದರೇ ಕರುಳು ಬಿಟ್ಟುಕೊಳ್ಳುತ್ತದೆ. ಕರುಳಿಗೆ ರಕ್ತ ಹರಿಯುವುದು ನಿಂತಿದ್ದರೆ ಮಾತ್ರ ತಡಮಾಡದೆ ಆಪರೇಷನ್ ಮಾಡಬೇಕಾಗುತ್ತದೆ.